ಹಳೇ ಕಾರಿನ ಸೀಟು ಬಿಚ್ಚಿಸುವ ಮುನ್ನ: ಕುಷನ್ ಕೆಲಸದ ಒಳಹೊರಗು

ದಿಬ್ಬೂರಹಳ್ಳಿ: ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಗಳಲ್ಲಿ ಓಡಾಡಿದವರಿಗೆ ಗೊತ್ತಿರುವ ನೋಟ ಇದು. ಹಳೇ ಮನೆಯ ಪಕ್ಕದಲ್ಲೊಂದು ಶೀಟಿನ ಶೆಡ್ಡು, ಅದರೊಳಗೆ ಟಾರ್ಪಾಲು ಹೊದ್ದು ನಿಂತ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ. ತಾತನ ಕಾಲದಲ್ಲಿ ತಗೊಂಡಿದ್ದು. ಮಾರೋಕೆ ಮನಸ್ಸಿಲ್ಲ, ಓಡಿಸೋಕೆ ಆಗ್ತಿಲ್ಲ. ಈಚೆಗೆ ಮೊಮ್ಮಕ್ಕಳಿಗೆ ಆಸೆ ಹುಟ್ಟಿ, ಮದುವೆ ಮನೆಗೋ ಭಾನುವಾರದ ಒಂದು ಸುತ್ತಿಗೋ ಇರಲಿ ಅಂತ ಅಂಥ ಕಾರುಗಳನ್ನು ಹೊರಗೆ ಎಳೆಸುತ್ತಿದ್ದಾರೆ.

ಎಂಜಿನ್ ಕೆಲಸಕ್ಕೆ, ಟಿಂಕರಿಂಗ್‌ಗೆ, ಪೇಂಟಿಗೆ ತಿಂಗಳುಗಟ್ಟಲೆ ಕಾಯುವ ಮಾಲೀಕರು ಸೀಟಿನ ಹತ್ತಿರ ಬಂದಾಗ ಮಾತ್ರ ಅವಸರ ಮಾಡುತ್ತಾರೆ. "ಸೀಟು ತಾನೆ, ಒಂದು ಒಳ್ಳೇ ಕವರ್ ಹೊಡೆಸಿದ್ರೆ ಆಯ್ತು" ಅನ್ನೋ ಮಾತು. ಎಡವಟ್ಟಾಗುವುದು ಅಲ್ಲೇ. ಹಳೇ ಕಾರಿನ ಸೀಟಿನಲ್ಲಿ ಬೆಲೆಬಾಳುವುದು ಕಣ್ಣಿಗೆ ಕಾಣುವ ರೆಕ್ಸಿನ್‌ಗಿಂತ ಹೆಚ್ಚಾಗಿ ಅದರ ಕೆಳಗಿರುವ ಕಬ್ಬಿಣದ ಫ್ರೇಮು ಮತ್ತು ಸ್ಪ್ರಿಂಗು. ರೆಕ್ಸಿನ್ ಇವತ್ತು ಹೋದರೆ ನಾಳೆ ಸಿಗುತ್ತೆ. ಫ್ರೇಮು ಗುಜರಿಗೆ ಹೋದರೆ ಮತ್ತೆ ಸಿಗೋದು ಕಷ್ಟ.

ಇದನ್ನು ಬರೆಯುತ್ತಿರುವವನಿಗೂ ಈ ಪಾಠ ಪುಕ್ಕಟೆ ಬಂದಿದ್ದಲ್ಲ. ನಮ್ಮ ಮನೆಯ ಪದ್ಮಿನಿಯ ಹಿಂದಿನ ಸೀಟು ಒಂದು ಕಾಲದಲ್ಲಿ ರೇಷ್ಮೆಗೂಡಿನ ಚೀಲ ಹೊತ್ತೂ ಹೊತ್ತೂ ಒಂದು ಕಡೆ ಕುಸಿದಿತ್ತು. ಬಿಟ್ಟು ಬಂದ ಅಂಗಡಿಯಲ್ಲಿ ಒಳಗಿನದ್ದನ್ನೆಲ್ಲ ಕಿತ್ತು, ಹಲಗೆ ಹಾಕಿ, ಅದರ ಮೇಲೆ ದಪ್ಪನೆ ಫೋಮ್ ಇಟ್ಟು, ಮಿರಮಿರ ಮಿಂಚುವ ಮೆರೂನ್ ರೆಕ್ಸಿನ್ ಹೊಲಿದು ಕೊಟ್ಟರು. ಮನೆಯವರೆಲ್ಲ ಖುಷಿಪಟ್ಟರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಫೋಮ್ ಕೂತುಹೋಯಿತು, ಪ್ರತಿ ಹಂಪ್‌ಗೂ ಹಲಗೆ ಬೆನ್ನುಮೂಳೆಗೆ ಹೊಡೆಯತೊಡಗಿತು. ಹಳೇ ಸ್ಪ್ರಿಂಗ್ ಎಲ್ಲಿ ಅಂತ ಕೇಳಿದರೆ ಅದು ಆಗಲೇ ತೂಕಕ್ಕೆ ಹೋಗಿತ್ತು. ತಪ್ಪು ಪೂರ್ತಿ ಅಂಗಡಿಯವರದ್ದು ಅನ್ನೋ ಹಾಗಿಲ್ಲ, ಅದನ್ನು ಇಟ್ಟುಕೊಳ್ಳಿ ಅಂತ ನಾವೂ ಹೇಳಿರಲಿಲ್ಲ.

ಯಾವ ಕಾರು, ಎಂಥ ಸೀಟು

ನಮ್ಮ ಕಡೆ 'ಹಳೇ ಕಾರು' ಅಂದರೆ ಹೆಚ್ಚಾಗಿ ನಾಲ್ಕು ಹೆಸರು. ಮೊದಲನೆಯದು ಅಂಬಾಸಿಡರ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ಮಾಡಿದ ಕಾರು ಇದು. 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಎರಡನೆಯದು ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್‌ನವರ ಫಿಯೆಟ್ 1100. ಇದೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಮೂರನೆಯದು ಮಹೀಂದ್ರಾ ಜೀಪು. ನಾಲ್ಕನೆಯದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಅದರ ಮೊದಮೊದಲ ಕಾರುಗಳಿಗೂ ಈಗ ನಲವತ್ತು ದಾಟಿದೆ.

ಹಳೇ ಅಂಬಾಸಿಡರ್ ಮತ್ತು ಪದ್ಮಿನಿಯಲ್ಲಿ ಗೇರು ಸ್ಟೇರಿಂಗ್ ಪಕ್ಕದಲ್ಲಿತ್ತು. ಹಾಗಾಗಿ ಮುಂದೆಯೂ ಈ ತುದಿಯಿಂದ ಆ ತುದಿಗೆ ಒಂದೇ ಬೆಂಚು ಸೀಟು. ಡ್ರೈವರ್ ಪಕ್ಕ ಇಬ್ಬರು, ಕೆಲವೊಮ್ಮೆ ಮೂವರು ಕೂತು ಚಿಂತಾಮಣಿಗೆ ಹೋಗಿಬಂದ ನೆನಪು ಎಷ್ಟೋ ಜನಕ್ಕೆ ಇರಬಹುದು. ಗೇರು ಕೆಳಗಿಳಿದ ಮೇಲಿನ ಮಾದರಿಗಳಲ್ಲಿ ಮುಂದೆ ಬೇರೆ ಬೇರೆ ಬಕೆಟ್ ಸೀಟು ಬಂದವು. ಬೆಂಚು ಸೀಟಿನ ಕಾರು ನಿಮ್ಮಲ್ಲಿದ್ದರೆ ಅದನ್ನು ತೆಗೆದು ಈಗಿನ ಕಾರಿನ ಬಕೆಟ್ ಸೀಟು ಕೂರಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಆ ಕಾರಿನ ಒಳಗಿನ ಮುಖವೇ ಆ ಬೆಂಚು. ಮೇಲಾಗಿ ಆರ್‌ಸಿಯಲ್ಲಿ ಎಷ್ಟು ಜನರ ಸೀಟು ಅಂತ ಬರೆದಿರುತ್ತೆ. ಆ ಲೆಕ್ಕ ಬದಲಾಗುವಂಥ ಮಾರ್ಪಾಟು ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಕೆಳಗೆ ಬರುತ್ತೆ. ಜೀಪಿಗೆ ಹಿಂದೆ ಹೆಚ್ಚುವರಿ ಬೆಂಚು ಕೂರಿಸುವವರಿಗೂ ಇದೇ ಮಾತು. ಇದ್ದ ಸೀಟಿಗೇ ಹೊಸ ಹೊದಿಕೆ, ಹೊಸ ತುಂಬುವಿಕೆ ಮಾಡಿಸುವುದಕ್ಕೆ ಆ ತಕರಾರು ಇಲ್ಲ.

ರೆಕ್ಸಿನ್ ಕೆಳಗೆ ಏನಿರುತ್ತೆ

ಆ ಕಾಲದ ಸೀಟನ್ನು ಮೇಲಿನಿಂದ ಬಿಚ್ಚುತ್ತಾ ಹೋದರೆ ಈರುಳ್ಳಿ ಸುಲಿದಂತೆ ಪದರ ಪದರವಾಗಿ ಬರುತ್ತೆ. ಮೊದಲು ರೆಕ್ಸಿನ್. ಅದರ ಕೆಳಗೆ ತೆಳು ಫೋಮ್ ಅಥವಾ ಹತ್ತಿಯ ಹಾಸು. ಅದರ ಕೆಳಗೆ ತೆಂಗಿನ ನಾರಿನ ದಪ್ಪ ಮೆತ್ತೆ. ಅದರಡಿ ಗೋಣಿತಾಟು. ಗೋಣಿತಾಟಿನ ಕೆಳಗೆ ಸ್ಪ್ರಿಂಗು. ಸುರುಳಿ ಸ್ಪ್ರಿಂಗೂ ಇರಬಹುದು, ಹಾವಿನ ಹಾಗೆ ಅಂಕುಡೊಂಕಾಗಿ ಬಗ್ಗಿಸಿದ ಜಿಗ್‌ಜಾಗ್ ತಂತಿಯೂ ಇರಬಹುದು. ಇಷ್ಟೂ ಭಾರ ಹೊರುವುದು ಕಬ್ಬಿಣದ ಫ್ರೇಮು.

ಪ್ರತಿ ಪದರಕ್ಕೂ ಒಂದು ಕೆಲಸ ಇದೆ. ಹಳ್ಳ ಬಿದ್ದ ರಸ್ತೆಯ ಏಟು ನುಂಗುವುದು ಸ್ಪ್ರಿಂಗು. ಸ್ಪ್ರಿಂಗಿನ ತಂತಿ ಮೇಲಿನ ಮೆತ್ತೆಯನ್ನು ಕೊಯ್ಯದ ಹಾಗೆ ತಡೆಯುವುದು ಗೋಣಿತಾಟು. ಭಾರವನ್ನು ಹರಡುವುದು ಮತ್ತು ಗಾಳಿ ಆಡಿಸುವುದು ನಾರು. ಮೈಗೆ ಮೆತ್ತಗೆ ತಾಗುವುದು ಮೇಲಿನ ಫೋಮು ಅಥವಾ ಹತ್ತಿ. ಇದರಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಗೋಣಿತಾಟು. ಅದು ಹರಿದ ಮೇಲೆ ನಾರು ಸ್ಪ್ರಿಂಗಿನ ಸಂದಿಗೆ ಇಳಿಯುತ್ತೆ, ಸೀಟು ಕುಸಿಯುತ್ತೆ, ರೆಕ್ಸಿನ್ ಮೇಲೆ ಎಳೆತ ಹೆಚ್ಚಾಗಿ ಹೊಲಿಗೆ ಬಿಡುತ್ತೆ. ಮಾಲೀಕರಿಗೆ ಕಾಣುವುದು ಕೊನೆಯದು ಮಾತ್ರ. ಅದಕ್ಕೇ "ಕವರ್ ಹೋಗಿದೆ" ಅಂತ ಅಂಗಡಿಗೆ ಬರುತ್ತಾರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸೀಟಿನ ಮೇಲೆ ಅಂಗೈ ಊರಿ ಜಾಗ ಜಾಗ ಒತ್ತಿ ನೋಡಿ. ಒಂದೇ ಸಮ ಇಳಿದು ಮೇಲೆ ಬಂದರೆ ಸ್ಪ್ರಿಂಗ್ ಸರಿಯಿದೆ. ಒಂದು ಕಡೆ ಗುಂಡಿ, ಒಂದು ಕಡೆ ಗಟ್ಟಿ ಅನಿಸಿದರೆ ಕೊಂಡಿ ಬಿಟ್ಟಿದೆ ಅಥವಾ ತಂತಿ ಮುರಿದಿದೆ. ಕಿರ್ ಕಿರ್ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಅಂತ. ಸೀಟಿನ ಕೆಳಗೆ ಕಂದು ಬಣ್ಣದ ಪುಡಿ ಉದುರಿದ್ದರೆ ಅದು ನಾರಿನದ್ದು, ಅದರ ಆಯಸ್ಸು ಮುಗಿದಿದೆ.

ಬಿಚ್ಚುವಾಗ

ಸೀಟು ಹೊರಗೆ ತೆಗೆಯುವ ಮುಂಚೆಯೇ ಫೋಟೊ ತೆಗೆಯಿರಿ. ಮುಂದಿನಿಂದ, ಪಕ್ಕದಿಂದ, ಕೆಳಗಿನಿಂದ. ರೆಕ್ಸಿನ್‌ನಲ್ಲಿ ಉದ್ದುದ್ದ ಪಟ್ಟಿ ಇದ್ದರೆ ಎಷ್ಟು ಪಟ್ಟಿ, ಒಂದೊಂದು ಎಷ್ಟು ಅಗಲ ಅಂತ ಟೇಪು ಹಿಡಿದು ಬರೆದುಕೊಳ್ಳಿ. ಪೈಪಿಂಗ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅನ್ನುವುದೂ ಬೇಕು. ಇದೆಲ್ಲ ಆಮೇಲೆ ನೆನಪಿರುತ್ತೆ ಅಂತ ಅಂದುಕೊಂಡವರಿಗೆ ಯಾವತ್ತೂ ನೆನಪಿರೋದಿಲ್ಲ.

ವರ್ಷಗಟ್ಟಲೆ ನಿಂತ ಕಾರಾದರೆ ಹಿಂದಿನ ಸೀಟು ಎತ್ತುವಾಗ ಕೈಗೆ ಗ್ಲೌಸು, ಮೂಗಿಗೆ ಬಟ್ಟೆ ಇರಲಿ. ನಾರು, ಹತ್ತಿ ಎರಡೂ ಇಲಿಗಳಿಗೆ ಇಷ್ಟ. ಅವು ಅಲ್ಲಿ ಗೂಡು ಕಟ್ಟುವುದಷ್ಟೇ ಅಲ್ಲದೆ ಪಕ್ಕದಲ್ಲಿ ಹಾದುಹೋಗುವ ವೈರನ್ನೂ ಕಡಿದಿರುತ್ತವೆ. ಸೀಟು ಹೊರಗಿರುವಾಗಲೇ ನೆಲದ ತಗಡು ನೋಡಿಬಿಡಿ. ತೂತು ಬಿದ್ದಿದ್ದರೆ ವೆಲ್ಡಿಂಗ್ ಕೆಲಸ ಈಗಲೇ ಆಗಬೇಕು. ಹೊಸ ಸೀಟು ಕೂರಿಸಿದ ಮೇಲೆ ಪಕ್ಕದಲ್ಲಿ ವೆಲ್ಡಿಂಗ್ ಮಾಡಿಸುವುದು ಬೆಂಕಿಯ ಜೊತೆ ಆಟ.

ಹಳೇ ಕವರನ್ನು ಕತ್ತರಿಸಿ ಎಳೆಯಬೇಡಿ. ಫ್ರೇಮಿಗೆ ಅದನ್ನು ಹಿಡಿದಿರುವ ತಂತಿಯ ಉಂಗುರಗಳನ್ನು ಕಟಿಂಗ್ ಪ್ಲಯರ್‌ನಲ್ಲಿ ಒಂದೊಂದಾಗಿ ಕತ್ತರಿಸಿ, ಕವರನ್ನು ಇಡಿಯಾಗಿ ಇಳಿಸಿ. ಆಮೇಲೆ ಹೊಲಿಗೆ ಬಿಚ್ಚಿ, ಪ್ರತಿ ತುಂಡಿನ ಹಿಂದೆ ಚಾಕ್‌ಪೀಸಿನಲ್ಲಿ ನಂಬರು ಬರೆದು, ಮೇಲೆ ಯಾವುದು, ಎಡ ಯಾವುದು ಅಂತ ಬಾಣದ ಗುರುತು ಹಾಕಬೇಕು. ಈ ತುಂಡುಗಳೇ ಹೊಸ ಕವರಿಗೆ ಅಳತೆ. ಆದರೆ ನಲವತ್ತು ವರ್ಷ ಎಳೆದಾಡಿದ ಕವರು ಜಗ್ಗಿ ದೊಡ್ಡದಾಗಿರುತ್ತೆ. ಅದನ್ನೇ ಇಟ್ಟು ಕತ್ತರಿಸಿದರೆ ಹೊಸ ಕವರು ಸಡಿಲ ಬರುತ್ತೆ. ಅನುಭವ ಇರುವ ಕೆಲಸಗಾರರು ಹೆಚ್ಚು ಸವೆಯದ ಕಡೆಯ ತುಂಡನ್ನು ನೋಡಿ, ಫ್ರೇಮಿನ ಮೇಲೂ ಅಳೆದು, ಎರಡನ್ನೂ ಹೊಂದಿಸಿ ಕತ್ತರಿ ಹಾಕುತ್ತಾರೆ.

ಸೀಟಿನ ಅಡಿಯಲ್ಲಿ ಅಥವಾ ಹಿಂಭಾಗದಲ್ಲಿ ಮಡಚಿ ಹೋದ ಅಂಚಿನಲ್ಲಿ ಬಿಸಿಲು ಕಾಣದ ರೆಕ್ಸಿನ್ ಸಿಗುತ್ತೆ. ಕಾರು ಶೋರೂಮಿನಿಂದ ಬಂದಾಗ ಇದ್ದ ನಿಜವಾದ ಬಣ್ಣ ಅದು. ಒಂದು ತುಂಡು ಜೇಬಿಗೆ ಹಾಕಿಕೊಂಡು ರೆಕ್ಸಿನ್ ಅಂಗಡಿಗೆ ಹೋಗಿ. ಮೊಬೈಲ್ ಫೋಟೊ ತೋರಿಸಿ ಬಣ್ಣ ಹೊಂದಿಸಲು ಹೋಗಬೇಡಿ, ಪ್ರತಿ ಫೋನಿನಲ್ಲೂ ಒಂದೊಂದು ಬಣ್ಣ ಕಾಣುತ್ತೆ.

ಸ್ಪ್ರಿಂಗು: ವೆಲ್ಡಿಂಗ್ ಬೇಡ

ಫ್ರೇಮಿನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಕಪ್ಪು ಎನಾಮಲ್ ಬಳಿದರೆ ಇನ್ನೊಂದು ತಲೆಮಾರು ಬಾಳುತ್ತೆ. ಫ್ರೇಮಿನ ಕೊಳವೆ ಅಥವಾ ಪಟ್ಟಿ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಬಹುದು. ಆದರೆ ಸ್ಪ್ರಿಂಗ್ ತಂತಿಗೆ ವೆಲ್ಡಿಂಗ್ ರಾಡು ತಾಗಿಸಬಾರದು. ಸ್ಪ್ರಿಂಗ್ ಅಂದರೆ ಹದ ಇರುವ ಉಕ್ಕು. ಬೆಂಕಿ ತಾಗಿದ ಕಡೆ ಹದ ಹೋಗಿ, ಬೆಸೆದ ಜಾಗದ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಮುರಿದ ಚೂಪು ತುದಿ ಮೇಲಕ್ಕೆ ಎದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮುರಿದ ಜಿಗ್‌ಜಾಗ್ ಸ್ಪ್ರಿಂಗಿಗೆ ಅದೇ ದಪ್ಪದ ಹೊಸ ಸ್ಪ್ರಿಂಗ್ ಹಾಕುವುದೇ ಸರಿ. ಸೋಫಾ ಕೆಲಸದ ಸಾಮಾನು ಮಾರುವ ಕಡೆ ಇದು ಸಿಗುತ್ತೆ, ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. ಕೊಂಡಿ ಮಾತ್ರ ಸವೆದಿದ್ದರೆ ಕೊಂಡಿ ಬದಲಿಸಿದರೆ ಸಾಕು. ಸುರುಳಿ ಸ್ಪ್ರಿಂಗ್ ಇರುವ ಸೀಟಾದರೆ ಸುರುಳಿಗಳನ್ನು ಒಂದಕ್ಕೊಂದು ಬಿಗಿದ ದಾರ ಅಥವಾ ತಂತಿ ಬಿಟ್ಟಿರುತ್ತೆ. ಅದನ್ನು ಮತ್ತೆ ಎಳೆದು ಕಟ್ಟುವುದು ತಾಳ್ಮೆಯ ಕೆಲಸ, ಬೇಗ ಆಗೋದಿಲ್ಲ. ಈ ಕೆಲಸ ಬಲ್ಲವರು ಕಡಿಮೆ ಆಗುತ್ತಿದ್ದಾರೆ. ಹೊಸ ಕಾರುಗಳಿಗೆ ಅಚ್ಚಿನಲ್ಲಿ ಎರಕ ಹೊಯ್ದ ಫೋಮ್ ಬರುವುದರಿಂದ ಹೊಸದಾಗಿ ಕಲಿಯುವ ಹುಡುಗರಿಗೆ ಸ್ಪ್ರಿಂಗ್ ಕಟ್ಟುವ ಸಂದರ್ಭವೇ ಬರುವುದಿಲ್ಲ. ವಯಸ್ಸಾದ ಮೇಸ್ತ್ರಿ ಇರುವ ಅಂಗಡಿ ಹುಡುಕಿ ಅನ್ನೋದು ಇದಕ್ಕೇ.

ಫೋಮು ತಕ್ಕಡಿಗೆ ಹಾಕಿ

ಗೋಣಿತಾಟು ಹೊಸದು ಹಾಕಿದ ಮೇಲೆ ಅದರ ಮೇಲೆ ನಾರೋ ಫೋಮೋ ಅನ್ನುವ ಪ್ರಶ್ನೆ. ನಾರು ಅಂದರೆ ಹಾಸಿಗೆಗೆ ಬಳಸುವ, ರಬ್ಬರ್ ಹಾಲು ಸಿಂಪಡಿಸಿ ಗಟ್ಟಿ ಮಾಡಿದ ಶೀಟು. ಕರ್ಲ್‌ಆನ್ ಹಾಸಿಗೆ ನೋಡಿದವರಿಗೆ ಇದು ಹೊಸದಲ್ಲ. ಫೋಮ್ ಅಂದರೆ ಪಾಲಿಯುರಿಥೇನ್, 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ರಾಸಾಯನಿಕದಿಂದ ಬಂದದ್ದು. ಸ್ಪ್ರಿಂಗ್ ಸೀಟಿಗೆ ಕೆಳಗೆ ನಾರು, ಮೇಲೆ ಒಂದಿಂಚು ಫೋಮು ಅನ್ನುವ ಜೋಡಿ ನನಗೆ ಸರಿ ಅನಿಸಿದೆ. ನಾರು ಗಾಳಿ ಆಡಿಸುತ್ತೆ, ನಮ್ಮ ಬೇಸಿಗೆಗೆ ಅದು ಬೇಕು.

ಫೋಮ್ ಕೊಳ್ಳುವಾಗ ಅಂಗಡಿಯವರು "32 ಡೆನ್ಸಿಟಿ, 40 ಡೆನ್ಸಿಟಿ" ಅಂತಾರೆ. ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕೆ.ಜಿ. ಅನ್ನುವ ಲೆಕ್ಕ ಅದು. ಹಾಗಾಗಿ ಮೋಸ ಹೋಗದೆ ಇರಲು ತಕ್ಕಡಿ ಸಾಕು. 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ತುಂಡು 40 ಡೆನ್ಸಿಟಿಯದ್ದಾದರೆ 1 ಕೆ.ಜಿ. 440 ಗ್ರಾಂ ತೂಗಬೇಕು. 28ರದ್ದಾದರೆ ಹೆಚ್ಚುಕಮ್ಮಿ 1 ಕೆ.ಜಿ. ಅಷ್ಟೇ. ಕೂರುವ ಭಾಗಕ್ಕೆ 40 ಅಥವಾ ಅದಕ್ಕಿಂತ ಮೇಲಿನದ್ದು ಹಾಕಿಸಿ, ಬೆನ್ನಿಗೆ 32 ನಡೆಯುತ್ತೆ. ಒಂದು ತಪ್ಪು ತಿಳಿವಳಿಕೆ ಇದೆ: ಡೆನ್ಸಿಟಿ ಹೆಚ್ಚಾದರೆ ಗಟ್ಟಿ ಅಂತ. ಒಂದೇ ಡೆನ್ಸಿಟಿಯಲ್ಲಿ ಮೆದುವೂ ಉಂಟು, ಗಟ್ಟಿಯೂ ಉಂಟು. ಡೆನ್ಸಿಟಿ ಹೇಳುವುದು ಮುಖ್ಯವಾಗಿ ಬಾಳಿಕೆಯನ್ನು. ಕೂತು ನೋಡದೆ ಮೆದು-ಗಟ್ಟಿ ತೀರ್ಮಾನ ಮಾಡಬೇಡಿ.

ಸ್ಪ್ರಿಂಗ್ ಉಳಿಸಿಕೊಂಡು ಅದರ ಮೇಲೆ ನಾಲ್ಕಿಂಚು ಫೋಮ್ ಹಾಕಿಸುವ ಆಸೆಯೂ ಬೇಡ. ಸೀಟು ಎತ್ತರವಾಗಿ ಸ್ಟೇರಿಂಗು ತೊಡೆಗೆ ತಾಗುತ್ತೆ, ತಲೆ ಮೇಲ್ಛಾವಣಿಗೆ ತಾಗುತ್ತೆ, ಕ್ಲಚ್ ತುಳಿಯುವ ಕಾಲು ಎಟುಕದೆ ಹೋಗುತ್ತೆ. ಕಂಪನಿಯವರು ಇಟ್ಟ ಎತ್ತರ ಲೆಕ್ಕ ಹಾಕಿ ಇಟ್ಟದ್ದು.

ರೆಕ್ಸಿನ್, ಬಟ್ಟೆ, ಚರ್ಮ

ನಾವು ರೆಕ್ಸಿನ್ ಅನ್ನುವುದು ಮೂಲದಲ್ಲಿ ಒಂದು ಕಂಪನಿಯ ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಊರಿನ ರೆಕ್ಸಿನ್ ಲಿಮಿಟೆಡ್‌ನವರು ಹತ್ತಿ ಬಟ್ಟೆಗೆ ನೈಟ್ರೊಸೆಲ್ಯುಲೋಸ್ ಲೇಪಿಸಿ ಚರ್ಮದ ಹಾಗೆ ಕಾಣುವ ಸಾಮಾನು ಮಾಡುತ್ತಿದ್ದರು. ಈಗ ಸಿಗುವುದು ಅದಲ್ಲ. ಬಟ್ಟೆಯ ಬೆನ್ನಿಗೆ ಪಿವಿಸಿ ಲೇಪಿಸಿದ್ದು. ಹೆಸರು ಮಾತ್ರ ಉಳಿದಿದೆ. ಅಂಬಾಸಿಡರ್, ಪದ್ಮಿನಿಗಳಿಗೆ ಇಂಥದ್ದೇ ಹೊದಿಕೆ ಸಾಮಾನ್ಯವಾಗಿತ್ತು. ಆದ್ದರಿಂದ ಆ ಕಾರುಗಳಿಗೆ ಒಳ್ಳೆಯ ರೆಕ್ಸಿನ್ ಹಾಕಿಸಿದರೆ ಅದು ಅಗ್ಗದ ಕೆಲಸ ಅಂತ ಯಾರೂ ಮುಜುಗರ ಪಡಬೇಕಿಲ್ಲ. ಮೂಲಕ್ಕೆ ಹತ್ತಿರವಾದದ್ದೇ ಅದು.

ಕೊಳ್ಳುವಾಗ ಹಿಂಬದಿ ನೋಡಿ. ಬಟ್ಟೆ ಒತ್ತಾಗಿ ನೇಯ್ದಿರಬೇಕು. ಮೂಲೆಯನ್ನು ಮಡಚಿ ಉಗುರಿನಿಂದ ಒತ್ತಿ. ಬಿಳಿ ಗೆರೆ ಮೂಡಿ ಹಾಗೇ ಉಳಿದರೆ ಬೇಡ. ಕೈಯಲ್ಲಿ ಎರಡು ಕಡೆ ಜಗ್ಗಿ ಬಿಟ್ಟಾಗ ಮೊದಲಿನ ಆಕಾರಕ್ಕೆ ಬರಬೇಕು. ಪಿವಿಸಿಯನ್ನು ಮೆತ್ತಗೆ ಇಡುವ ಎಣ್ಣೆಯಂಥ ಅಂಶ ಬಿಸಿಲಿಗೆ ನಿಧಾನವಾಗಿ ಆರಿಹೋಗುತ್ತೆ, ಆಮೇಲೆ ರೆಕ್ಸಿನ್ ಹಪ್ಪಳವಾಗುತ್ತೆ. ಬಯಲುಸೀಮೆಯಲ್ಲಿ ನೆರಳಿಲ್ಲದೆ ನಿಲ್ಲುವ ಕಾರಿಗೆ ಅಗ್ಗದ ರೆಕ್ಸಿನ್ ಎರಡು ಖರ್ಚು ಅನ್ನುವುದು ಇದಕ್ಕೆ. ರೆಕ್ಸಿನ್ ಸಾಮಾನ್ಯವಾಗಿ 54 ಇಂಚು, ಅಂದರೆ 137 ಸೆಂ.ಮೀ. ಅಗಲ ಬರುತ್ತೆ. ಮುಂದೆ ಹಿಂದೆ ಎರಡು ಬೆಂಚಿಗೆ 8ರಿಂದ 10 ಮೀಟರ್ ಹಿಡಿಯುತ್ತೆ. ಬಾಗಿಲಿನ ಒಳಹೊದಿಕೆಯೂ ಸೇರಿದರೆ ಇನ್ನೂ ಒಂದೆರಡು ಮೀಟರ್. ಒಂದೇ ರೋಲಿನಿಂದ ಒಟ್ಟಿಗೆ ತಗೊಳ್ಳಿ. ಆಮೇಲೆ ಕಡಿಮೆ ಬಿದ್ದು ಇನ್ನೊಂದು ರೋಲಿನಿಂದ ತಂದರೆ ಬಣ್ಣ ಕೂದಲೆಳೆಯಷ್ಟಾದರೂ ಬೇರೆ ಬರುತ್ತೆ, ಬಿಸಿಲಲ್ಲಿ ಎದ್ದು ಕಾಣುತ್ತೆ.

ಚರ್ಮದ ಮಾತು. ನಮ್ಮ ನೆರೆಯ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳು ಚರ್ಮ ಹದ ಮಾಡುವುದಕ್ಕೆ ಹೆಸರಾದ ಊರುಗಳು. ಚರ್ಮ ಮೀಟರ್ ಲೆಕ್ಕದಲ್ಲಿ ಸಿಗುವುದಿಲ್ಲ, ಚದರ ಅಡಿ ಲೆಕ್ಕ. ಒಂದೊಂದು ಹಾಳೆಯಲ್ಲೂ ಗಾಯದ ಗುರುತು, ಹೊಟ್ಟೆ ಭಾಗದ ಸಡಿಲು ಅಂತ ಬಿಟ್ಟು ಕತ್ತರಿಸಬೇಕಾದ್ದರಿಂದ ಹಾಳಾಗುವ ಪಾಲು ಹೆಚ್ಚು. ಇಂಗ್ಲೆಂಡಿನ ಹಳೇ ದುಬಾರಿ ಕಾರುಗಳಿಗೆ ಚರ್ಮ ಒದಗಿಸುತ್ತಿದ್ದ ಕಾನಲಿ ಬ್ರದರ್ಸ್ 1878ರಲ್ಲಿ ಶುರುವಾಗಿ ರೋಲ್ಸ್ ರಾಯ್ಸ್‌ವರೆಗೆ ಹೆಸರು ಮಾಡಿತ್ತು. ನಿಮ್ಮ ಕಾರಿಗೆ ಮೊದಲಿನಿಂದಲೂ ಚರ್ಮದ ಸೀಟಿದ್ದರೆ ಚರ್ಮವೇ ಹಾಕಿಸಿ. ಅಂಬಾಸಿಡರ್‌ಗೆ ಚರ್ಮ ಹಾಕಿಸುವುದು ನಿಮ್ಮ ದುಡ್ಡು, ನಿಮ್ಮ ಇಷ್ಟ.

ರೇಷ್ಮೆ ಊರಿನವರಾದ ನಮಗೆ ಒಂದು ಸ್ವಾರಸ್ಯದ ಸಂಗತಿ. ಹಿಂದಿನ ದೊಡ್ಡ ಕಾರುಗಳಲ್ಲಿ ಚರ್ಮ ಇರುತ್ತಿದ್ದದ್ದು ಮುಂದೆ, ಡ್ರೈವರ್ ಕೂರುವ ಕಡೆ. ಅಲ್ಲಿ ಮಳೆ-ಗಾಳಿ ತಡೆಯಬೇಕಿತ್ತು. ಹಿಂದೆ ಕೂರುವ ಯಜಮಾನರಿಗೆ ನಯವಾದ ಉಣ್ಣೆ ಬಟ್ಟೆ. ಹಾಗಾದರೆ ರೇಷ್ಮೆ ಹಾಕಿಸಬಹುದಲ್ಲ ಅಂತ ಕೇಳಿದವರಿದ್ದಾರೆ. ಸೀರೆಯನ್ನು ಬಿಸಿಲಿಗೆ ಒಣಹಾಕಬೇಡ ಅಂತ ಅಜ್ಜಿ ಬೈಯುತ್ತಿದ್ದದ್ದು ನೆನಪಿದೆಯಲ್ಲ, ಉತ್ತರ ಅದರಲ್ಲೇ ಇದೆ. ಬಿಸಿಲಿಗೆ ರೇಷ್ಮೆ ಹಳದಿಯಾಗುತ್ತೆ, ನೂಲಿನ ಬಲವೂ ಹೋಗುತ್ತೆ.

ಯಾವುದೇ ಹೊದಿಕೆ ಆಗಲಿ, ಬೆಂಕಿಯ ವಿಚಾರ ಕೇಳಿ. ವಾಹನದ ಒಳಗಿನ ಸಾಮಾನು ಎಷ್ಟು ಬೇಗ ಉರಿಯಬಹುದು ಅನ್ನುವುದಕ್ಕೆ ಐಎಸ್ 15061 ಅನ್ನುವ ಭಾರತೀಯ ಮಾನದಂಡ ಇದೆ. ವಾಹನಕ್ಕೆಂದೇ ಮಾಡಿದ ರೆಕ್ಸಿನ್, ಬಟ್ಟೆಗೂ ಸೋಫಾ ಬಟ್ಟೆಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೊಂದು. ಹಳೇ ಕಾರಿನ ವೈರಿಂಗ್ ಹೇಗಿರುತ್ತೆ ಅಂತ ಗೊತ್ತಿರುವವರಿಗೆ ಇದು ಸಣ್ಣ ಮಾತು ಅನಿಸಲಾರದು.

ಹೊಲಿಗೆ

ಹತ್ತಿ ದಾರ ಬೇಡ. ಬೆವರು, ಬಿಸಿಲಿಗೆ ಕೊಳೆತುಹೋಗುತ್ತೆ. ಬಾಂಡೆಡ್ ನೈಲಾನ್ ಅಥವಾ ದಪ್ಪ ಪಾಲಿಯೆಸ್ಟರ್ ದಾರ ಕೇಳಿ. ಹೊಲಿಗೆ ತೀರ ಹತ್ತಿರ ಹತ್ತಿರ ಬಿದ್ದರೆ ಗಟ್ಟಿ ಅಂತ ಬಹಳ ಜನ ತಿಳಿದಿದ್ದಾರೆ. ರೆಕ್ಸಿನ್ ವಿಷಯದಲ್ಲಿ ಉಲ್ಟಾ. ಸೂಜಿ ತೂತು ಒತ್ತೊತ್ತಾದರೆ ಅಂಚೆಚೀಟಿ ಹರಿದ ಹಾಗೆ ಅದೇ ಗೆರೆಗೆ ಹರಿಯುತ್ತೆ. 3ರಿಂದ 4 ಮಿ.ಮೀ. ಅಂತರ ಸರಿ. ಪೈಪಿಂಗ್ ಇರುವುದು ಅಲಂಕಾರಕ್ಕೆ ಮಾತ್ರ ಅಲ್ಲ. ಹತ್ತಿ ಇಳಿಯುವಾಗ ಪ್ಯಾಂಟು ಉಜ್ಜುವ ಅಂಚಿನಲ್ಲಿ ಮೊದಲು ಸವೆಯುವುದು ಪೈಪಿಂಗ್, ಒಳಗಿನ ಹೊಲಿಗೆ ಉಳಿಯುತ್ತೆ.

ಹೊಲಿದ ಕವರನ್ನು ಸೀಟಿಗೆ ಏರಿಸುವ ಮುಂಚೆ ಸ್ವಲ್ಪ ಹೊತ್ತು ಬಿಸಿಲಲ್ಲಿ ಹರಡುವುದು ನಮ್ಮ ಕಡೆಯ ಮೇಸ್ತ್ರಿಗಳ ಹಳೇ ಉಪಾಯ. ರೆಕ್ಸಿನ್ ಮೆತ್ತಗಾಗಿ ಎಳೆದಂತೆ ಬರುತ್ತೆ, ತಣ್ಣಗಾದ ಮೇಲೆ ಬಿಗಿಯಾಗಿ ಕೂರುತ್ತೆ. ಕೆಲವರು ಈಗ ಹೀಟ್ ಗನ್ ಬಳಸುತ್ತಾರೆ. ಒಂದೇ ಕಡೆ ಹಿಡಿದರೆ ಹೊಳಪು ಬಂದು ಕಲೆ ಉಳಿಯುತ್ತೆ, ಬಿಸಿಲಿಗೆ ಆ ಅಪಾಯ ಇಲ್ಲ. ಎಲ್ಲ ಕಡೆ ಸಲ್ಯೂಷನ್ ಬಳಿದು ಅಂಟಿಸುವ ಪದ್ಧತಿಗೆ ಒಪ್ಪಬೇಡಿ. ಅಂಟು ಕಾರಿನೊಳಗಿನ ಬಿಸಿಗೆ ಬಿಡುತ್ತೆ. ಮುಂದೆ ರಿಪೇರಿಗೆ ಬಿಚ್ಚಿದರೆ ಫೋಮು ರೆಕ್ಸಿನ್ ಜೊತೆಗೇ ಕಿತ್ತು ಬರುತ್ತೆ. ಮೊದಲಿದ್ದ ಹಾಗೆ ಅಂಚಿಗೆ ತಂತಿ ಸೇರಿಸಿ, ಉಂಗುರ ಹಾಕಿ ಫ್ರೇಮಿಗೆ ಕಟ್ಟುವುದೇ ಸರಿಯಾದ ಕ್ರಮ.

ಅಂಗಡಿಯವರ ಹತ್ತಿರ ಮಾತಾಡುವುದು

ನಮ್ಮ ತಾಲ್ಲೂಕಿನಲ್ಲಿ 'ಕುಷನ್ ವರ್ಕ್ಸ್' ಬೋರ್ಡು ಇರುವ ಅಂಗಡಿಗಳ ಹೊಟ್ಟೆಪಾಡು ನಡೆಯುವುದು ಬೈಕ್ ಸೀಟು, ಆಟೊ ಹುಡ್ಡು, ಟ್ರ್ಯಾಕ್ಟರ್ ಸೀಟು, ಸೋಫಾ ಕೆಲಸದಲ್ಲಿ. ಹಳೇ ಕಾರು ಅಪರೂಪಕ್ಕೆ ಬರುವ ಗಿರಾಕಿ. ಬೈಕ್ ಸೀಟು ಕಣ್ಣೆದುರೇ ಮುಗಿಸಿ ಕೈಗೆ ದುಡ್ಡು ಎಣಿಸಿಕೊಳ್ಳುವ ಮೇಸ್ತ್ರಿಗೆ, ದಿನಗಟ್ಟಲೆ ಜಾಗ ಹಿಡಿಯುವ ಕಾರಿನ ಸೀಟು ಅಂದರೆ ತಲೆನೋವು. ಅವಸರಕ್ಕೆ ಹಲಗೆ-ಫೋಮ್ ದಾರಿ ಹಿಡಿಯುವುದರ ಹಿಂದೆ ಈ ಲೆಕ್ಕವೂ ಇದೆ. ಹಾಗಾಗಿ ಸಾಮಾನಿನ ಖರ್ಚು ಬೇರೆ, ಕೂಲಿ ಬೇರೆ ಅಂತ ಮೊದಲೇ ಬರೆಸಿಕೊಳ್ಳಿ. ಕೂಲಿಯಲ್ಲಿ ಸ್ಪ್ರಿಂಗ್ ಕೆಲಸವನ್ನು ಪ್ರತ್ಯೇಕವಾಗಿ ಸೇರಿಸಿ, ಅದಕ್ಕೆ ಚೌಕಾಸಿ ಮಾಡಬೇಡಿ. ಕಿತ್ತ ಯಾವ ಸಾಮಾನನ್ನೂ ನನಗೆ ತೋರಿಸದೆ ಬಿಸಾಡಬಾರದು ಅನ್ನುವ ಮಾತೂ ಆ ಚೀಟಿಯಲ್ಲಿರಲಿ. ಕವರ್ ಹೊದಿಸುವ ಮುಂಚೆ, ಸ್ಪ್ರಿಂಗ್-ಗೋಣಿತಾಟು ಹಂತದಲ್ಲಿ ಒಂದು ಸಲ ಹೋಗಿ ನೋಡಿ ಬನ್ನಿ. ಆಮೇಲೆ ನೋಡೋಕೆ ಏನೂ ಇರೋದಿಲ್ಲ.

ರೆಕ್ಸಿನ್, ಪೈಪಿಂಗ್, ಕ್ಲಿಪ್ಪು ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಸುತ್ತಬೇಕು. ವಾಹನದ ಬಿಡಿಭಾಗ, ಸೀಟ್ ಕವರ್ ವ್ಯಾಪಾರಕ್ಕೆ ಬಹಳ ಕಾಲದಿಂದ ಹೆಸರಾದ ಜಾಗ ಅದು. ಮೂಲ ಸೀಟು ಹೇಗಿರುತ್ತಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡಿ ಬನ್ನಿ. ಮೈಸೂರು ಕಡೆ ಹೊರಟವರಿಗೆ ಶ್ರೀರಂಗಪಟ್ಟಣದ ಬಳಿ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಮ್ಯೂಸಿಯಂ ಇದೆ. ಜನ ಅಲ್ಲಿ ಕಾರಿನ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ. ನೀವು ಗಾಜಿನೊಳಗೆ ಇಣುಕಿ ಸೀಟಿನ ಪೈಪಿಂಗ್ ನೋಡಿ.

ಅಂಗಡಿಯವರಿಗೂ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿ ಇದ್ದಾರೆ, ಚಮ್ಮಾರ ಇದ್ದಾರೆ, ನಾರು ನೇಯುವವರೂ ಇದ್ದಾರೆ. ಈ ಮೂವರ ಕೆಲಸವನ್ನೂ ಒಬ್ಬನೇ ಮಾಡುವ ಕುಷನ್ ಕೆಲಸಗಾರನ ಹೆಸರಿನ ಕಸುಬು ಇಲ್ಲ. ಹೊಲಿಗೆಯೇ ನಿಮ್ಮ ಮುಖ್ಯ ಕಸುಬಾಗಿದ್ದರೆ ದರ್ಜಿ ವಿಭಾಗದಲ್ಲಿ ಅರ್ಜಿ ಹಾಕಲು ಬರುತ್ತದೆಯೇ ಅಂತ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ; ಅರ್ಜಿಯ ಮೊದಲ ಪರಿಶೀಲನೆ ಅಲ್ಲೇ ಆಗುವುದು.

50 ವರ್ಷ ದಾಟಿದ ಕಾರಾದರೆ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ಕಾರು-ಬೈಕುಗಳನ್ನು 'ವಿಂಟೇಜ್' ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000 ರೂಪಾಯಿ ಅಂತ ಆ ನಿಯಮದಲ್ಲಿ ಇತ್ತು. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು, ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸಬಾರದು. ಸೀಟಿನ ಕುಷನ್ ಆ ಷರತ್ತಿನ ಪಟ್ಟಿಯಲ್ಲಿಲ್ಲ. ಆದರೂ ಹಳೇ ಕಾರು ಪ್ರದರ್ಶನಗಳಿಗೆ ಹೋಗುವ ಇರಾದೆ ಇದ್ದವರು ಸೀಟನ್ನೂ ಮೂಲದಂತೆ ಇಟ್ಟರೆ ಒಳ್ಳೆಯದು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 'ಫಿವಾ' ಒಪ್ಪಿಕೊಂಡ ಟ್ಯೂರಿನ್ ಸನ್ನದಿನ ತಾತ್ಪರ್ಯವೂ ಇದೇ: ಉಳಿಸಲು ಆಗುವುದನ್ನು ಮೊದಲು ಉಳಿಸಿ, ಬದಲಿಸಲೇಬೇಕಾದ್ದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಒಂದೇ ಹೊಲಿಗೆ ಬಿಟ್ಟ ಹಳೇ ಸೀಟಿಗೆ ಆ ಹೊಲಿಗೆ ಮಾತ್ರ ಹಾಕಿಸಿ ಬಿಡುವುದೂ ಒಂದು ಕೆಲಸವೇ.

ಪಕ್ಕದ ಹೊಸ ಕಾರಿನ ಸೀಟಿಗೆ ಈ ಸಲಹೆಗಳನ್ನು ಹಾಗೇ ಅನ್ವಯಿಸಬೇಡಿ. ಈಗಿನ ಹಲವು ಕಾರುಗಳ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತೆ. ಅದರ ಮೇಲೆ ದಪ್ಪ ಕವರ್ ಬಿಗಿದರೆ ಬೇಕಾದ ಹೊತ್ತಿಗೆ ಅದು ತೆರೆದುಕೊಳ್ಳದೆ ಹೋಗಬಹುದು.

ಸೀಟು ಮನೆಗೆ ಬಂದ ಮೇಲೆ ಕಾರನ್ನು ನೆರಳಲ್ಲಿ ನಿಲ್ಲಿಸಿ, ತಿಂಗಳಿಗೆ ಎರಡು ಸಲವಾದರೂ ಬಾಗಿಲು ತೆಗೆದು ಗಾಳಿ ಆಡಿಸಿ. ರೆಕ್ಸಿನ್ ಒರೆಸಲು ಒದ್ದೆ ಬಟ್ಟೆ, ಸ್ವಲ್ಪ ಸೋಪಿನ ನೀರು ಸಾಕು. ಪೆಟ್ರೋಲು, ತಿನ್ನರ್ ಹಾಕಿ ಉಜ್ಜಬೇಡಿ. ಗೂಡಿನ ಚೀಲ, ಟೊಮೆಟೊ ಬಾಕ್ಸು ಸಾಗಿಸಲು ಊರಲ್ಲಿ ಬೇರೆ ಗಾಡಿಗಳಿವೆ. ಹಳೇ ಕವರಿನ ಒಂದು ತುಂಡು, ಉಳಿದ ಹೊಸ ರೆಕ್ಸಿನ್, ದಾರದ ನಂಬರು, ಕೆಲಸ ಮಾಡಿಸಿದ ತಾರೀಕು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಹಿಂದಿನ ಸೀಟಿನ ಕೆಳಗೆ ಇಟ್ಟುಬಿಡಿ. ಇನ್ನು ಸರ್ಕಾರಿ ಅಂಬಾಸಿಡರ್ ಸೀಟುಗಳ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಹಾಕುತ್ತಿದ್ದರಲ್ಲ, ಅದನ್ನು ಬರೀ ಸಾಹೇಬರ ಗತ್ತು ಅಂದುಕೊಂಡು ನಗುತ್ತಿದ್ದೆವು. ಏಪ್ರಿಲ್ ಮಧ್ಯಾಹ್ನ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹೊರಗೆ ನಿಲ್ಲಿಸಿದ ಕಾರಿಗೆ ವಾಪಸು ಬಂದು ರೆಕ್ಸಿನ್ ಮೇಲೆ ಬೆನ್ನು ಊರಿ ನೋಡಿ, ಟವೆಲ್ ಯಾಕೆ ಅಂತ ಗೊತ್ತಾಗುತ್ತೆ.